ಹೆಂಚಿನ ಮನೆ, ಹೊಸ ಫ್ಲ್ಯಾಶ್: ಕಲಿಯುವುದು ಎಲ್ಲಿಂದ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ, ಹಳೆಯ ಹೆಂಚಿನ ಮನೆ. ಕ್ಯಾಮೆರಾ ಮೊದಲೇ ಇತ್ತು, ಈಗ ಗೋಡಾಕ್ಸ್ ಟಿಟಿ 600 ಫ್ಲ್ಯಾಶ್ ತಗೊಂಡಿದ್ದೇನೆ. ಅಣ್ಣನ ಮಗುವಿನ ನಾಮಕರಣಕ್ಕೆ ಅದನ್ನೇ ಹಾಕಿ ಫೋಟೊ ತೆಗೆದೆ. ಎಲ್ಲರ ಮುಖ ಬೆಳ್ಳಗೆ ಸುಟ್ಟ ಹಾಗಿದೆ, ಹಿಂದೆಲ್ಲ ಕತ್ತಲೆ, ಗೋಡೆ ಮೇಲೆ ಗಟ್ಟಿ ನೆರಳು. ಯಾರೋ ಹೇಳಿದರು ಅಂತ 1/200, ಎಫ್ 8, ಐಎಸ್‌ಒ 100 ಇಟ್ಟು ಫ್ಲ್ಯಾಶನ್ನು ಫುಲ್ ಪವರ್‌ಗೆ ಇಟ್ಟಿದ್ದೆ. ಮುಂದಿನ ತಿಂಗಳು ಇದೇ ಮನೆಯಲ್ಲಿ ತಂಗಿಯ ನಿಶ್ಚಿತಾರ್ಥ. ಯಾವ ಸೆಟ್ಟಿಂಗ್ ಇಡಬೇಕು? ಇದನ್ನು ವಾಪಸ್ ಕೊಟ್ಟು ಟಿಟಿಎಲ್ ಇರುವ ಫ್ಲ್ಯಾಶ್ ತಗೊಳ್ಳಲಾ?

ಉತ್ತರ:

ವಾಪಸ್ ಕೊಡಬೇಡಿ. ಕಲಿಯುವುದಕ್ಕೆ ನಿಮ್ಮ ಕೈಯಲ್ಲಿರುವುದೇ ಒಳ್ಳೆಯದು. ಟಿಟಿಎಲ್ ಫ್ಲ್ಯಾಶ್ ಫೋಟೊಗೆ ಮೊದಲು ಒಂದು ಸಣ್ಣ ಮಿಂಚು ಹೊಡೆಯುತ್ತದೆ, ತಿರುಗಿ ಬಂದ ಬೆಳಕನ್ನು ಕ್ಯಾಮೆರಾ ಅಳೆದು ಎಷ್ಟು ಬೆಳಕು ಬೇಕು ಅಂತ ತಾನೇ ತೀರ್ಮಾನಿಸುತ್ತದೆ. ಛತ್ರದಲ್ಲಿ ಓಡಾಡಿಕೊಂಡು ಕೆಲಸ ಮಾಡುವವರಿಗೆ ಅದು ನಿಜಕ್ಕೂ ಅನುಕೂಲ, ನಿಮಿಷಕ್ಕೊಂದು ಸಲ ದೂರ ಬದಲಾಗುತ್ತಿರುತ್ತದೆ ಅಲ್ವಾ. ಆದರೆ ಕಲಿಯುವವರಿಗೆ ಅದರಿಂದ ತೊಂದರೆಯೇ ಜಾಸ್ತಿ. ನೀವು ಒಂದನ್ನು ಬದಲಾಯಿಸುತ್ತೀರಿ, ಅದು ಸದ್ದಿಲ್ಲದೆ ಇನ್ನೊಂದನ್ನು ಬದಲಾಯಿಸಿಬಿಡುತ್ತದೆ. ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ. ನಿಮ್ಮ ಫ್ಲ್ಯಾಶಿಗೆ 1/64 (ಫುಲ್ ಪವರಿನ 64ರಲ್ಲಿ ಒಂದು ಭಾಗ) ಅಂತ ಹೇಳಿದರೆ ಪ್ರತಿ ಸಲವೂ ಅಷ್ಟೇ ಬೆಳಕು ಕೊಡುತ್ತದೆ. ಪ್ರಯೋಗ ಮಾಡಿ ಕಲಿಯಲು ಬೇಕಾಗಿರುವುದು ಇದೇ.

ಸೆಟ್ಟಿಂಗ್ ಕೇಳಿದ್ದೀರಿ. ಶುರು ಮಾಡುವುದಕ್ಕೆ ಒಂದು ಸೆಟ್ಟಿಂಗ್ ಕೊನೆಯಲ್ಲಿ ಹೇಳುತ್ತೇನೆ, ಆದರೆ ಕೆಳಗಿನ ಪ್ರಯೋಗಗಳನ್ನು ಮಾಡದೆ ಅದನ್ನು ಮಾತ್ರ ಇಟ್ಟರೆ ನಾಮಕರಣದಲ್ಲಿ ಆದದ್ದೇ ಬೇರೆ ರೂಪದಲ್ಲಿ ಆಗುತ್ತದೆ. ನಿಮ್ಮ ಮನೆಯ ಗೋಡೆ, ಹೆಂಚು, ಬಲ್ಬು ಯಾವುದೂ ನನಗೆ ಗೊತ್ತಿಲ್ಲ. ಅವು ಏನು ಮಾಡುತ್ತವೆ ಅಂತ ನೀವೇ ನೋಡಿಕೊಳ್ಳಬೇಕು.

ಫ್ಲ್ಯಾಶ್ ಹಾಕಿ ತೆಗೆದ ಪ್ರತಿ ಫೋಟೊದಲ್ಲೂ ಎರಡು ಬೆಳಕು ಸೇರಿರುತ್ತವೆ. ಒಂದು ಕೋಣೆಯಲ್ಲಿ ಮೊದಲೇ ಇರುವುದು, ಇನ್ನೊಂದು ಫ್ಲ್ಯಾಶಿನದು. ಸಣ್ಣಗೆ ಬರುವ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟಿದ್ದೀರಿ, ಮಧ್ಯದಲ್ಲಿ ಯಾರೋ ಬಂದು ಒಂದು ಚೊಂಬು ನೀರನ್ನು ಒಂದೇ ಸಲಕ್ಕೆ ಸುರಿದು ಹೋದರು ಅಂದುಕೊಳ್ಳಿ. ಬಿಂದಿಗೆ ಎಷ್ಟು ಹೊತ್ತು ಇರುತ್ತದೋ ಅಷ್ಟು ನಲ್ಲಿ ನೀರು ತುಂಬುತ್ತದೆ, ಚೊಂಬಿನ ನೀರು ಮಾತ್ರ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ನಲ್ಲಿ ಅಂದರೆ ಕೋಣೆಯ ಬೆಳಕು. ಬಿಂದಿಗೆ ಇಟ್ಟ ಹೊತ್ತು ಅಂದರೆ ಶಟರ್ ಸ್ಪೀಡ್, 1/200 ಅಂದರೆ ಸೆಕೆಂಡಿನ 200ನೇ ಒಂದು ಭಾಗ. ಚೊಂಬು ಅಂದರೆ ಫ್ಲ್ಯಾಶ್. ಹಾಗಾಗಿ ಕೋಣೆ ಎಷ್ಟು ಕಾಣಬೇಕು ಅನ್ನುವುದನ್ನು ಶಟರ್‌ನಿಂದ, ಮುಖ ಎಷ್ಟು ಬೆಳಗಬೇಕು ಅನ್ನುವುದನ್ನು ಫ್ಲ್ಯಾಶ್ ಪವರ್‌ನಿಂದ ಸರಿಮಾಡಬಹುದು. ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವ ಎಫ್ ಸಂಖ್ಯೆ) ಮತ್ತು ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಅನ್ನುವುದು) ಎರಡು ಬೆಳಕನ್ನೂ ಒಟ್ಟಿಗೆ ಏರಿಸುತ್ತವೆ, ಒಟ್ಟಿಗೆ ಇಳಿಸುತ್ತವೆ.

ಈಗ ನಿಮ್ಮ ಫೋಟೊ ನೋಡಿ. 1/200, ಎಫ್ 8, ಐಎಸ್‌ಒ 100 ಇಟ್ಟಾಗ ಕೋಣೆಯ ಬೆಳಕು ಪೂರ್ತಿ ಹೊರಗೆ ಉಳಿಯಿತು, ಅದಕ್ಕೇ ಕತ್ತಲೆ. ಫುಲ್ ಪವರ್ ಹತ್ತಿರದಿಂದ ಮುಖಕ್ಕೆ ಬಿತ್ತು, ಅದಕ್ಕೇ ಬಿಳುಪು. ಆ ಸೆಟ್ಟಿಂಗ್ ಸ್ಟುಡಿಯೋಗೆ ಸರಿ, ಅಲ್ಲಿ ಕೋಣೆಯ ಬೆಳಕು ಫೋಟೊಗೆ ಬರಲೇಬಾರದು. ನಾಮಕರಣದ ಮನೆಯಲ್ಲಿ ತೊಟ್ಟಿಲು, ತೋರಣ, ಹಿಂದೆ ನಿಂತ ಅಜ್ಜಿ ಎಲ್ಲ ಕಾಣಬೇಕಲ್ಲವೇ.

ಇವತ್ತು ರಾತ್ರಿಯೇ ಶುರು ಮಾಡಿ. ಮನೆಯವರನ್ನು ಕೂರಿಸಬೇಡಿ, ಅವರಿಗೆ ಬೇಗ ಬೇಜಾರಾಗುತ್ತದೆ, ಬೇಜಾರಾದ ಮುಖ ನೋಡಿ ನೀವೂ ಅವಸರ ಮಾಡುತ್ತೀರಿ. ಸಿಪ್ಪೆ ಸುಲಿದ, ಜುಟ್ಟಿರುವ ತೆಂಗಿನಕಾಯಿ ಒಂದನ್ನು ಸ್ಟೂಲಿನ ಮೇಲಿಡಿ. ಪಕ್ಕದಲ್ಲಿ ಮಡಿಸಿದ ಬಿಳಿ ಪಂಚೆ ಇಡಿ. ಕಾಯಿ ಗುಂಡಗಿದೆ, ಮೈ ತುಂಬ ನಾರಿದೆ, ಬೆಳಕು ಯಾವ ಕಡೆಯಿಂದ ಬಂತು ಅಂತ ತಕ್ಷಣ ತೋರಿಸುತ್ತದೆ. ಬೆಳಕು ಜಾಸ್ತಿಯಾದರೆ ಪಂಚೆಯ ನೇಯ್ಗೆ ಮಾಯವಾಗುತ್ತದೆ, ಅದೇ ನಿಮ್ಮ ಅಳತೆ.

ಕ್ಯಾಮೆರಾ ಮ್ಯಾನುಯಲ್ ಮೋಡಿನಲ್ಲಿರಲಿ. ಆಟೊ ಐಎಸ್‌ಒ ಆಫ್ ಮಾಡಿ, ಇದನ್ನು ಮರೆತವರು ದಿನಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಬೆಳಕಿನ ಬಣ್ಣಕ್ಕೆ ಫೋಟೊವನ್ನು ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬೇಡ, ಫ್ಲ್ಯಾಶ್ ಗುರುತಿಗೆ ಇಟ್ಟುಬಿಡಿ. ನಿಮ್ಮದು ಮಿರರ್‌ಲೆಸ್ ಆಗಿದ್ದರೆ ಪರದೆ ಪೂರ್ತಿ ಕಪ್ಪಾಗಬಹುದು, ಯಾಕೆಂದರೆ ಫ್ಲ್ಯಾಶ್ ಬರುತ್ತದೆ ಅಂತ ಕ್ಯಾಮೆರಾಗೆ ಆಗ ಗೊತ್ತಿರುವುದಿಲ್ಲ. ಮೆನುವಿನಲ್ಲಿ ಎಕ್ಸ್‌ಪೋಷರ್ ತೋರಿಸುವ ಆಯ್ಕೆಯನ್ನು ಆಫ್ ಮಾಡಿದರೆ ಸರಿಹೋಗುತ್ತದೆ. ಕ್ಯಾಮೆರಾವನ್ನು ಮೇಜಿನ ಮೇಲೋ ಟ್ರೈಪಾಡಿನ ಮೇಲೋ ಇಡಿ, ಕಾಯಿಂದ ಎರಡು ಮೀಟರ್ ದೂರ.

ಇನ್ನೊಂದು ಮುಖ್ಯ ವಿಷಯ. ಶಟರ್, ಅಪರ್ಚರ್, ಐಎಸ್‌ಒ ಫೋಟೊ ಫೈಲಿನಲ್ಲಿ ತಾನಾಗಿ ದಾಖಲಾಗುತ್ತವೆ. ಆದರೆ ಇಂಥ ಮ್ಯಾನುಯಲ್ ಫ್ಲ್ಯಾಶಿನ ಪವರ್ ಎಷ್ಟಿತ್ತು, ಎಷ್ಟು ದೂರ ಇತ್ತು, ಯಾವ ಗೋಡೆಗೆ ಹೊಡೆದಿರಿ ಅನ್ನುವುದು ದಾಖಲಾಗುವುದಿಲ್ಲ. ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಕಾಯಿಯ ಪಕ್ಕ ಒರಗಿಸಿ, ಫೋಟೊದಲ್ಲೇ ಬರಲಿ. ನಾಳೆ ಬೆಳಿಗ್ಗೆ ನೋಡುವಾಗ ಈ ಚೀಟಿ ಇಲ್ಲದಿದ್ದರೆ ರಾತ್ರಿಯೆಲ್ಲ ಮಾಡಿದ್ದು ದಂಡ.

ಮೊದಲ ಫೋಟೊ ಫ್ಲ್ಯಾಶ್ ಇಲ್ಲದೆ: ಐಎಸ್‌ಒ 400, ಎಫ್ 4, 1/200. ಹೆಚ್ಚುಕಡಿಮೆ ಕಪ್ಪಾಗಿ ಬರಬೇಕು. ಬರಲಿ. ಅದರಲ್ಲಿ ಕಾಣುವುದಷ್ಟೂ ಕೋಣೆಯ ಬೆಳಕು. ಈಗ ಫ್ಲ್ಯಾಶನ್ನು ನೇರ ಕಾಯಿಗೆ ತಿರುಗಿಸಿ 1/64 ಪವರ್‌ನಲ್ಲಿ ಒಂದು ತೆಗೆಯಿರಿ. ಪಂಚೆ ಸುಟ್ಟರೆ 1/128, ಮಂಕಾದರೆ 1/32. ಕಾಯಿ ಸರಿಬಂದ ಮೇಲೆ ಉಳಿದದ್ದನ್ನೆಲ್ಲ ಹಾಗೇ ಬಿಟ್ಟು ಶಟರ್ ಒಂದನ್ನೇ ಇಳಿಸುತ್ತಾ ಹೋಗಿ: 1/200, 1/100, 1/50, 1/25. ಕಾಯಿ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಹಿಂದಿನ ಬಾಗಿಲು, ಕ್ಯಾಲೆಂಡರ್, ಮೂಲೆಯ ಕುರ್ಚಿ ಒಂದೊಂದೇ ಮೇಲೆದ್ದು ಬರುತ್ತವೆ. ಇದನ್ನು ಓದಿ ತಿಳಿಯುವುದು ಬೇರೆ, ನಿಮ್ಮದೇ ಪಡಸಾಲೆ ಕತ್ತಲೆಯಿಂದ ಹೊರಗೆ ಬರುವುದನ್ನು ನಾಲ್ಕು ಫೋಟೊದಲ್ಲಿ ನೋಡುವುದು ಬೇರೆ. ತೀರಾ ನಿಧಾನದ ಶಟರ್‌ನಲ್ಲಿ ಕಾಯಿಗೂ ಸ್ವಲ್ಪ ಕೋಣೆಯ ಬೆಳಕು ಸೇರಿ ಒಂಚೂರು ಹೊಳಪೇರುತ್ತದೆ, ಅದು ಸಹಜ.

ಕೂತಲ್ಲೇ ಶಟರನ್ನು 1/500ಕ್ಕೆ ಏರಿಸಿ ನೋಡಿ. ಫೋಟೊದ ಒಂದು ಬದಿಗೆ ಕಪ್ಪು ಪಟ್ಟಿ ಬರುತ್ತದೆ. ಶಟರಿಗೆ ಎರಡು ಪರದೆಗಳಿವೆ. ವೇಗ ಜಾಸ್ತಿಯಾದಾಗ ಮೊದಲ ಪರದೆ ಪೂರ್ತಿ ತೆರೆಯುವ ಮೊದಲೇ ಎರಡನೆಯದು ಮುಚ್ಚಲು ಹೊರಟಿರುತ್ತದೆ, ಫ್ಲ್ಯಾಶ್ ಮಿಂಚಿದ ಕ್ಷಣಕ್ಕೆ ಸೆನ್ಸರಿನ ಒಂದು ಭಾಗ ಮುಚ್ಚಿರುತ್ತದೆ. ಹೆಚ್ಚಿನ ಕ್ಯಾಮೆರಾಗಳಲ್ಲಿ 1/200 ಅಥವಾ 1/250ರ ಆಸುಪಾಸಿನಲ್ಲಿ ಈ ಗಡಿ ಇರುತ್ತದೆ. ನಿಮ್ಮದು ಎಷ್ಟು ಅಂತ ಹೀಗೆ ಕಂಡುಹಿಡಿದು ನೆನಪಿಟ್ಟುಕೊಳ್ಳಿ, ಮನೆಯೊಳಗೆ ಅದಕ್ಕಿಂತ ಮೇಲೆ ಹೋಗುವ ಅಗತ್ಯ ಬರುವುದಿಲ್ಲ.

ಮಾರನೆಯ ದಿನ ದೂರದ ಪ್ರಯೋಗ. ಪವರ್, ಅಪರ್ಚರ್ ಎಲ್ಲ ಹಾಗೇ ಇಟ್ಟು ಫ್ಲ್ಯಾಶನ್ನು ಕಾಯಿಂದ ಒಂದು ಮೀಟರ್, ಎರಡು ಮೀಟರ್, ನಾಲ್ಕು ಮೀಟರ್ ದೂರದಲ್ಲಿಟ್ಟು ತೆಗೆಯಿರಿ. ದೂರ ಎರಡರಷ್ಟಾದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ನಾಲ್ಕರಷ್ಟಾದರೆ ಹದಿನಾರರಲ್ಲಿ ಒಂದು ಭಾಗ. ಊಟದ ಪಂಕ್ತಿಯ ಫೋಟೊಗಳಲ್ಲಿ ಮೊದಲ ಎಲೆ ಬೆಳ್ಳಗೆ ಸುಟ್ಟು, ಐದಾರು ಎಲೆ ದಾಟುವಷ್ಟರಲ್ಲಿ ಜನ ಕತ್ತಲೆಯಲ್ಲಿ ಮುಳುಗಿರುತ್ತಾರಲ್ಲ, ಅದಕ್ಕೆ ಕಾರಣ ಇದೇ. ಒಂದು ಮೀಟರ್ ದೂರದ ಎಲೆಗೂ ಐದು ಮೀಟರ್ ದೂರದ ಎಲೆಗೂ 25 ಪಟ್ಟು ವ್ಯತ್ಯಾಸ. ಪವರ್ ಏರಿಸಿದರೆ ಮೊದಲನೆಯವರು ಇನ್ನೂ ಸುಡುತ್ತಾರೆ ಅಷ್ಟೇ. ಇದರಲ್ಲೇ ಗ್ರೂಪ್ ಫೋಟೊಗೆ ಬೇಕಾದ ಉಪಾಯವೂ ಇದೆ. ಫ್ಲ್ಯಾಶ್ ಒಂದು ಮೀಟರ್ ದೂರದಲ್ಲಿದ್ದಾಗ ಮುಂದಿನ ಸಾಲಿಗೂ ಅದಕ್ಕಿಂತ ಒಂದು ಮೀಟರ್ ಹಿಂದಿನ ಸಾಲಿಗೂ ನಾಲ್ಕು ಪಟ್ಟು ಅಂತರ. ನೀವು ಹಿಂದೆ ಸರಿದು ಫ್ಲ್ಯಾಶನ್ನು ನಾಲ್ಕು ಮೀಟರ್ ದೂರಕ್ಕೆ ಒಯ್ದರೆ ಅದೇ ಎರಡು ಸಾಲಿಗೆ ಸುಮಾರು ಒಂದೂವರೆ ಪಟ್ಟು ಮಾತ್ರ. ಹಿಂದೆ ಹೋಗಿ, ಪವರ್ ಏರಿಸಿ, ಬೇಕಿದ್ದರೆ ಝೂಮ್ ಮಾಡಿ.

ಪವರ್ ಲೆಕ್ಕ ಸುಲಭ. 1/64ರಿಂದ 1/32ಕ್ಕೆ ಹೋದರೆ ಬೆಳಕು ಎರಡರಷ್ಟು. ಎಫ್ 5.6ರಿಂದ ಎಫ್ 4ಕ್ಕೆ ಬಂದರೂ ಎರಡರಷ್ಟೇ. ಐಎಸ್‌ಒ 400ರಿಂದ 800ಕ್ಕೂ ಅಷ್ಟೇ. ಇದು ಬಾಯಿಪಾಠವಾದ ಮೇಲೆ ಕೈ ತಾನಾಗಿ ಓಡುತ್ತದೆ.

ಇನ್ನು ದಿಕ್ಕು. ನನ್ನ ಮಟ್ಟಿಗೆ ಫ್ಲ್ಯಾಶ್ ಕಲಿಕೆಯಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ, ಆದರೂ ಜನ ಪವರ್ ಬಗ್ಗೆಯೇ ಕೇಳುತ್ತಿರುತ್ತಾರೆ. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಚ್ಚಿ. ನಿಮ್ಮ ಟಿಟಿ 600ರ ಒಳಗೇ ರೇಡಿಯೊ ರಿಸೀವರ್ ಇದೆ, ಕ್ಯಾಮೆರಾ ಮೇಲೆ ಕೂರುವ ಟ್ರಿಗರ್ ಒಂದು ಬೇಕು. ಸದ್ಯಕ್ಕೆ ಟ್ರಿಗರ್ ಇಲ್ಲ, ಕ್ಯಾಮೆರಾದಲ್ಲೇ ಸಣ್ಣ ಪಾಪ್‌ಅಪ್ ಫ್ಲ್ಯಾಶ್ ಇದೆ ಅಂದರೆ, ಅದನ್ನು ಮ್ಯಾನುಯಲ್‌ನಲ್ಲಿ ಅತಿ ಕಡಿಮೆ ಪವರ್‌ಗೆ ಇಟ್ಟು ಟಿಟಿ 600 ಅನ್ನು ಎಸ್ 1 ಮೋಡಿಗೆ ಹಾಕಿ. ಆ ಮಿಂಚು ಕಂಡ ಕೂಡಲೇ ಇದೂ ಮಿಂಚುತ್ತದೆ. ಈಗ ಫ್ಲ್ಯಾಶನ್ನು ಕಾಯಿಯ ಎದುರಿಗೆ, 45 ಡಿಗ್ರಿ ಓರೆಗೆ, ಪೂರ್ತಿ ಪಕ್ಕಕ್ಕೆ, ಹಿಂದೆ, ಮೇಲೆ, ನೆಲದ ಮೇಲೆ ಹೀಗೆ ಸುತ್ತಿಸಿ ತೆಗೆಯಿರಿ. ಎದುರಿಂದ ಹೊಡೆದಾಗ ಕಾಯಿ ಚಪ್ಪಟೆ ಬಿಲ್ಲೆಯ ಹಾಗೆ ಕಾಣುತ್ತದೆ. ಪಕ್ಕಕ್ಕೆ ಹೋದ ಹಾಗೆ ಒಂದೊಂದು ನಾರಿಗೂ ನೆರಳು ಹುಟ್ಟಿ ಕಾಯಿ ಗುಂಡಗಾಗುತ್ತದೆ.

ಇದನ್ನು ದೊಡ್ಡದಾಗಿ ನೋಡಬೇಕೆಂದರೆ ಬೇಲೂರು ನಿಮಗೆ ದೂರವಿಲ್ಲ. ಒಂದು ಬೆಳಿಗ್ಗೆ ಹೋಗಿ, ಫ್ಲ್ಯಾಶ್ ಮನೆಯಲ್ಲೇ ಇರಲಿ. ವಿಷ್ಣುವರ್ಧನನ ಕಾಲದ, 1117ರ ಚೆನ್ನಕೇಶವ ದೇವಸ್ಥಾನದ ಹೊರಗೋಡೆ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ತಿರುಗುತ್ತದೆ, ಹಾಗಾಗಿ ಬಿಸಿಲು ಎದುರಿಂದ ಬೀಳುವ ಮುಖವೂ ಸವರಿಕೊಂಡು ಹೋಗುವ ಮುಖವೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಬಳಪದ ಕಲ್ಲಿನಲ್ಲಿ ಅಷ್ಟು ಆಳವಾಗಿ ಕೊರೆದ ಕೆಲಸ, ಎದುರು ಬಿಸಿಲಿನಲ್ಲಿ ಮಂಕಾಗಿ, ಓರೆ ಬಿಸಿಲಿನಲ್ಲಿ ಬಳೆ, ಸರ, ಬೆರಳು ಬೇರೆ ಬೇರೆಯಾಗಿ ಎದ್ದು ಬರುತ್ತದೆ. ಹಳೇಬೀಡಿನಲ್ಲಿ ಕೆಳಗಿನ ಆನೆಗಳ ಸಾಲನ್ನು ಹೀಗೆಯೇ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ನೆರಳು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಅನ್ನುವುದನ್ನು ಗಮನಿಸುವ ಅಭ್ಯಾಸ ಬಂದರೆ ಫ್ಲ್ಯಾಶ್ ಎಲ್ಲಿಡಬೇಕು ಅನ್ನುವ ಪ್ರಶ್ನೆ ಅರ್ಧ ಕರಗುತ್ತದೆ. ದೇವಸ್ಥಾನದೊಳಗೆ ಫ್ಲ್ಯಾಶ್ ಬೇಡ. ಭಕ್ತರಿಗೆ ಕಿರಿಕಿರಿ, ಕತ್ತಲೆಯೊಳಗಿನ ಆ ಹೊಳೆಯುವ ಕಂಬಗಳ ಚೆಲುವನ್ನೂ ಅದು ಹಾಳು ಮಾಡುತ್ತದೆ.

ಈಗ ನಿಮ್ಮ ಹೆಂಚಿನ ಮನೆಯ ನಿಜವಾದ ಸಮಸ್ಯೆಗೆ ಬರೋಣ. ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಸೀಲಿಂಗಿಗೆ ಬೌನ್ಸ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಬಿಳಿ ಬಣ್ಣದ ಆರ್‌ಸಿಸಿ ಮನೆಗೆ ಅದು ಚೆನ್ನಾಗಿ ಒಗ್ಗುತ್ತದೆ. ಸೀಲಿಂಗೇ ದೊಡ್ಡ ದೀಪವಾಗಿ, ಬೆಳಕು ಅಗಲವಾಗಿ ಇಳಿದು, ನೆರಳು ಮೆತ್ತಗಾಗುತ್ತದೆ. ನಿಮ್ಮಲ್ಲಿ ಮೇಲಿರುವುದು ಕೆಂಪು ಮಂಗಳೂರು ಹೆಂಚು, ಹೊಗೆ ಹಿಡಿದ ಮರದ ತೊಲೆ. ಮೇಲಕ್ಕೆ ಕಳಿಸಿದ ಬೆಳಕಿನಲ್ಲಿ ಹೆಚ್ಚಿನದನ್ನು ಅವು ನುಂಗುತ್ತವೆ, ಉಳಿದದ್ದನ್ನು ಕೆಂಪಾಗಿಸಿ ಕಳಿಸುತ್ತವೆ. ಫುಲ್ ಪವರ್ ಕೊಟ್ಟು ಬ್ಯಾಟರಿ ಖಾಲಿ ಮಾಡಿಕೊಳ್ಳಬೇಡಿ.

ಗೋಡೆಗೆ ತಿರುಗಿಸಿ. ಫ್ಲ್ಯಾಶಿನ ತಲೆಯನ್ನು ನಿಮ್ಮ ಎಡ ಅಥವಾ ಬಲದ ಗೋಡೆ ಕಡೆ, ಸ್ವಲ್ಪ ಮೇಲ್ಮುಖವಾಗಿ ಇಟ್ಟರೆ ಕಿಟಕಿಯಿಂದ ಬಂದ ಹಾಗೆ ಓರೆ ಬೆಳಕು ಸಿಗುತ್ತದೆ. ಆದರೆ ಗೋಡೆಯ ಬಣ್ಣ ಮುಖಕ್ಕೆ ಬರುತ್ತದೆ. ನಮ್ಮ ಕಡೆ ಮನೆಗಳಲ್ಲಿ ತಿಳಿ ಹಸಿರು, ಗುಲಾಬಿ ಬಣ್ಣಗಳು ಜಾಸ್ತಿ. ಹಸಿರು ಗೋಡೆಗೆ ಹೊಡೆದರೆ ಮದುಮಗಳ ಮುಖ ಕಾಯಿಲೆ ಬಂದವರ ಹಾಗಾಗುತ್ತದೆ. ಇದಕ್ಕೊಂದು ಪ್ರಯೋಗ ಮಾಡಿ: ಒಂದು ಬಿಳಿ ಹಾಳೆಯನ್ನು ಪಡಸಾಲೆಯ ಮಧ್ಯೆ ನಿಲ್ಲಿಸಿ, ಪ್ರತಿ ಗೋಡೆಗೂ ಒಂದೊಂದು ಸಲ ಬೌನ್ಸ್ ಮಾಡಿ ಅದರ ಫೋಟೊ ತೆಗೆಯಿರಿ. ಆ ಫೋಟೊಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಯಾವ ಗೋಡೆ ಉಪಯೋಗಕ್ಕೆ ಬರುತ್ತದೆ ಅಂತ ಗೊತ್ತಾಗುತ್ತದೆ. ಸುಣ್ಣ ಬಳಿದ ಗೋಡೆ ಒಂದಾದರೂ ಇದ್ದರೆ ಗೆದ್ದಿರಿ. ಯಾವುದೂ ಇಲ್ಲದಿದ್ದರೆ ಬಿಳಿ ಬೆಡ್‌ಶೀಟ್ ಒಂದನ್ನು ಗೋಡೆಗೆ ಎತ್ತರಕ್ಕೆ ಕಟ್ಟಿ, ಇಲ್ಲ ದೊಡ್ಡ ಥರ್ಮಾಕೋಲ್ ಹಾಳೆ ಒರಗಿಸಿ. ನಾಲ್ಕು ಅಡಿ ಅಗಲದ ಬಿಳಿ ಬಟ್ಟೆ ಕೊಡುವ ಬೆಳಕನ್ನು ಫ್ಲ್ಯಾಶಿನ ಮೂತಿಗೆ ಸಿಕ್ಕಿಸುವ ಸಣ್ಣ ಪ್ಲಾಸ್ಟಿಕ್ ಡಬ್ಬಿ ಕೊಡುವುದಿಲ್ಲ. ಬೆಳಕಿನ ಮೂಲ ದೊಡ್ಡದಾದಷ್ಟೂ, ಹತ್ತಿರ ಇದ್ದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ.

ಬಣ್ಣದ ವಿಷಯ ಇನ್ನೂ ಒಂದಿದೆ. ಫ್ಲ್ಯಾಶಿನ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಹಗಲಿನ ಬೆಳಕಿಗೆ ಹತ್ತಿರ. ಈಗಿನ ಬಿಳಿ ಎಲ್‌ಇಡಿ ಟ್ಯೂಬುಗಳು ಹೆಚ್ಚಾಗಿ 6500ರ ಆಸುಪಾಸು, ಅವುಗಳ ಜೊತೆ ದೊಡ್ಡ ಜಗಳವಿಲ್ಲ. ಹಳದಿ ಬಲ್ಬು 2700ರಿಂದ 3000. ಅದು ಹಿಂದೆ ಉರಿಯುತ್ತಿದ್ದರೆ ಮುಖ ಬೆಳ್ಳಗೆ, ಹಿನ್ನೆಲೆ ಕಿತ್ತಳೆ ಆಗುತ್ತದೆ. ಕಿತ್ತಳೆ ಬಣ್ಣದ ಜೆಲ್ ಹಾಳೆಯನ್ನು ಫ್ಲ್ಯಾಶಿಗೆ ಕಟ್ಟಿ, ವೈಟ್ ಬ್ಯಾಲೆನ್ಸನ್ನು ಬಲ್ಬಿಗೆ ಹೊಂದಿಸಿದರೆ ಎರಡೂ ಒಂದಾಗುತ್ತವೆ. ಕೆಲವು ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ನಮ್ಮ ಕರೆಂಟು 50 ಹರ್ಟ್ಸ್ ಆಗಿರುವುದರಿಂದ. ಹಿನ್ನೆಲೆಯಲ್ಲಿ ಪಟ್ಟೆ ಬಂದರೆ ಶಟರನ್ನು 1/100ಕ್ಕೋ 1/50ಕ್ಕೋ ಇಡಿ.

ಸೆಲ್ಲಿನ ಬಗ್ಗೆ: ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳನ್ನೇ ತಗೊಳ್ಳಿ, ಎರಡು ಸೆಟ್. ಅವು ಮಾಮೂಲಿ ಸೆಲ್ಲಿಗಿಂತ ಬೇಗ ಫ್ಲ್ಯಾಶನ್ನು ತುಂಬಿಸುತ್ತವೆ. ರೆಡಿ ದೀಪ ಬರುವ ಮೊದಲೇ ಹೊಡೆದರೆ ಬೆಳಕು ಕಡಿಮೆ ಬರುತ್ತದೆ, ಪ್ರಯೋಗದ ಲೆಕ್ಕವೆಲ್ಲ ತಪ್ಪುತ್ತದೆ. ಫ್ಲ್ಯಾಶ್ ಕೆಟ್ಟರೆ ಬಿಚ್ಚಬೇಡಿ, ಒಳಗಿನ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ. ಹಳೇ ಕಾಲದ ಫ್ಲ್ಯಾಶ್ ಯಾರಾದರೂ ಕೊಟ್ಟರೂ ಡಿಜಿಟಲ್ ಕ್ಯಾಮೆರಾ ಮೇಲೆ ಸುಮ್ನೆ ಸಿಕ್ಕಿಸಬೇಡಿ, ಕೆಲವುದರ ಟ್ರಿಗರ್ ವೋಲ್ಟೇಜ್ ಕ್ಯಾಮೆರಾವನ್ನೇ ಸುಡಬಹುದು.

ಮಳೆಗಾಲ ಬಂದಾಗ ಒಂದು ಪ್ರಯೋಗ ಬಿಡಲೇಬೇಡಿ, ಪೇಟೆಯವರಿಗೆ ಸಿಗದ ಭಾಗ್ಯ ಅದು. ಜಗಲಿಯಲ್ಲಿ ಕೂತು ಸೂರಿನಿಂದ ಇಳಿಯುವ ನೀರನ್ನು ತೆಗೆಯಿರಿ. ಹಿಂದೆ ಕತ್ತಲೆಯ ತೋಟ ಇರಲಿ. ಫ್ಲ್ಯಾಶ್ ಕ್ಯಾಮೆರಾ ಮೇಲಿದ್ದರೆ ಹತ್ತಿರದ ಹನಿಗಳೆಲ್ಲ ಬಿಳಿ ಚುಕ್ಕೆಗಳಾಗಿ ಕಣ್ಣಿಗೆ ಅಡ್ಡ ಬರುತ್ತವೆ. ಮುಳ್ಳಯ್ಯನಗಿರಿಯ ಮಂಜಿನಲ್ಲಿ ಫ್ಲ್ಯಾಶ್ ಹೊಡೆದವರಿಗೆ ಬರೀ ಬಿಳಿ ಪರದೆ ಸಿಗುವುದೂ ಇದಕ್ಕೇ: ಲೆನ್ಸಿನ ಪಕ್ಕದಿಂದ ಹೊರಟ ಬೆಳಕು ಮಂಜಿನ ಕಣಕ್ಕೆ ಬಡಿದು ನೇರ ಲೆನ್ಸಿಗೇ ವಾಪಸ್ ಬರುತ್ತದೆ. ಫ್ಲ್ಯಾಶನ್ನು ನೆನೆಯದ ಜಾಗದಲ್ಲಿ, ನೀರಿನ ಪಕ್ಕಕ್ಕೆ ಅಥವಾ ಸ್ವಲ್ಪ ಹಿಂದಕ್ಕೆ ಇಟ್ಟು ನಿಮ್ಮ ಕಡೆಗೆ ಓರೆಯಾಗಿ ತಿರುಗಿಸಿ. ಪವರನ್ನು 1/4ರಿಂದ ಒಂದೊಂದೇ ಹೆಜ್ಜೆ 1/128ರವರೆಗೆ ಇಳಿಸಿ, ಬೆಳಕು ಕಡಿಮೆಯಾದಷ್ಟೂ ಐಎಸ್‌ಒ ಏರಿಸಿ. ಪವರ್ ಇಳಿದಂತೆ ಮಿಂಚು ಚಿಕ್ಕದಾಗುತ್ತದೆ, ನಿಮ್ಮ ಫ್ಲ್ಯಾಶಿನಲ್ಲಿ ಫುಲ್ ಪವರ್‌ನಲ್ಲಿ ಸೆಕೆಂಡಿನ 300ನೇ ಒಂದು ಭಾಗದಷ್ಟಿರುವುದು ಕಡಿಮೆ ಪವರ್‌ನಲ್ಲಿ 20,000ನೇ ಒಂದು ಭಾಗದವರೆಗೂ ಇಳಿಯುತ್ತದೆ. 1/4ರಲ್ಲಿ ಗೀರಿನ ಹಾಗೆ ಕಂಡ ನೀರು ಕೆಳಗಿನ ಪವರ್‌ಗಳಲ್ಲಿ ಮಣಿಮಣಿಯಾಗಿ ನಿಲ್ಲುತ್ತದೆ. ಅಮೆರಿಕದ ಎಂಐಟಿಯಲ್ಲಿದ್ದ ಹೆರಾಲ್ಡ್ ಎಡ್ಜರ್ಟನ್ 1957ರಲ್ಲಿ ತೆಗೆದ, ಹಾಲಿನ ಹನಿ ಕಿರೀಟದಂತೆ ಎದ್ದ ಫೋಟೊದ ಹಿಂದಿರುವುದೂ ಇದೇ ತತ್ವ. ಅಲ್ಲಿ ಚಲನೆಯನ್ನು ನಿಲ್ಲಿಸಿದ್ದು ಶಟರ್ ಅಲ್ಲ, ಮಿಂಚು.

ನಿಶ್ಚಿತಾರ್ಥಕ್ಕೆ ಹೀಗೆ ಮಾಡಿ. ಹಿಂದಿನ ದಿನ, ಕಾರ್ಯಕ್ರಮ ನಡೆಯುವ ಹೊತ್ತಿಗೇ, ಅವತ್ತು ಉರಿಯುವ ದೀಪಗಳನ್ನೆಲ್ಲ ಹಾಕಿ, ತಂಗಿ ಕೂರುವ ಜಾಗದಲ್ಲಿ ಯಾರನ್ನಾದರೂ ಕೂರಿಸಿ. ಗೋಡೆಯಿಂದ ಒಂದು ಮೀಟರಾದರೂ ಮುಂದೆ ಕೂರಲಿ, ಹಿಂದಿನ ನೆರಳು ತಾನಾಗಿ ಕೆಳಗೆ ಸರಿದು ಹೋಗುತ್ತದೆ. ಐಎಸ್‌ಒ 800, ಎಫ್ 4, 1/100 ಇಡಿ. ಮೊದಲು ಫ್ಲ್ಯಾಶ್ ಇಲ್ಲದೆ ಒಂದು ತೆಗೆಯಿರಿ, ಕೋಣೆ ಸ್ವಲ್ಪ ಮಂಕಾಗಿ, ಆದರೆ ಎಲ್ಲ ಕಾಣುವ ಹಾಗೆ ಇರಬೇಕು. ತೀರಾ ಕತ್ತಲೆ ಎನಿಸಿದರೆ 1/50. ಆಮೇಲೆ ಬಿಳಿ ಗೋಡೆ ಅಥವಾ ಬೆಡ್‌ಶೀಟಿಗೆ ತಿರುಗಿಸಿ 1/8 ಪವರ್‌ನಿಂದ ಶುರು ಮಾಡಿ, ಕೆನ್ನೆ ಮತ್ತು ಹಣೆಯ ಮೇಲೆ ಬಿಳಿ ಕಲೆ ಬರದ ಹಾಗೆ ಏರಿಸಿ ಇಳಿಸಿ ನೋಡಿ. ಉಂಗುರ ತೊಡಿಸುವಾಗ ನೀವು ನಿಲ್ಲುವ ಜಾಗ, ಆರತಿ ಎತ್ತುವಾಗ ನಿಲ್ಲುವ ಜಾಗ ಎರಡರಿಂದಲೂ ತೆಗೆದು, ಪವರ್ ಎಷ್ಟು ಬೇಕಾಯಿತು ಅಂತ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಆರತಿ ಹೊತ್ತಿಗೆ ಪವರನ್ನು ಒಂದೆರಡು ಹೆಜ್ಜೆ ಇಳಿಸಿ ಶಟರನ್ನು 1/50ಕ್ಕೆ ತಂದರೆ ದೀಪದ ಬೆಳಕೂ ಮುಖದ ಮೇಲೆ ಉಳಿಯುತ್ತದೆ. ಎರಡು ಸಾಲಿನ ಮನೆಯವರ ಫೋಟೊಗೆ ಎಫ್ 5.6 ಮಾಡಿ, ಪವರನ್ನು ಒಂದು ಹೆಜ್ಜೆ ಏರಿಸಿ.

ಬಿಳಿ ಹಾಳೆಯ ಪ್ರಯೋಗದ ಫೋಟೊಗಳನ್ನು ಚೀಟಿ ಸಮೇತ ಕಳಿಸಿ. ಯಾವ ಗೋಡೆ ಇಟ್ಟುಕೊಳ್ಳಬೇಕು, ಯಾವುದಕ್ಕೆ ಬಟ್ಟೆ ಕಟ್ಟಬೇಕು ಅಂತ ನೋಡಿ ಹೇಳುತ್ತೇನೆ.